ಓಗೊಡುವ ಗುಡ್ಡ

ನಡುರಾತ್ರಿ ಕಿಟಕಿಯ ಅಗುಳಿ ಕಿರ್ರೆಂದಿತು. ಸುಕನ್ಯಾ ಕಣ್ಣು ತೆರೆದಳು. ಗಂಡನ ಸೋದರತ್ತೆ ಮಲ್ಲಿಗಮ್ಮ ಹಿನ್ನೀರಿನ ಕಡೆಯ ಕಿಟಕಿ ಮುಚ್ಚುತ್ತಿದ್ದರು. ಮುಚ್ಚಿದವರು ಮಲಗಿದ್ದ ಮಗುವನ್ನೊಮ್ಮೆ ನೋಡಿ ಹಾಸಿಗೆಯ ಬಳಿ ಕುಕ್ಕರಿಸಿದರು.

"ನಾಳೆ ಆ ಗುಡ್ಡಕ್ಕೆ ದೋಣಿ ಬಿಡ್ತೀರಂತೆ. ಅಲ್ಲಿ ನಿನ್ನ ಕುಟ್ಟಿಯ, ಈ ಮಗುವಿನ ಹೆಸರು ಹಿಡಿದು ಕೂಗಬೇಡ ತಾಯಿ."

"ಕೂಗಿದರೆ?"

"ಓಗೊಡೋರು ಇದ್ದಾರೆ."

ಅಣೆಕಟ್ಟು ಬರುವ ಮೊದಲು ಆ ಗುಡ್ಡದ ಮೇಲೆ ಕುಂಞಿರಾಮನ್ ಎಂಬ ಮಂತ್ರವಾದಿ ಇದ್ದನಂತೆ. ಅವನದು ಹೆಸರು ಕಟ್ಟುವ ಮಾಟ. ಯಾರ ಹೆಸರು ಕೂಗಿದರೂ ಅವನ ಬೂದಿಗುಂಡಿಯಿಂದ ಅವರದೇ ರೂಪ ಎದ್ದುಬರುತ್ತಿತ್ತು. ಊರು ಮುಳುಗಿತು. ಬಿಟ್ಟು ಹೋದವರನ್ನೆಲ್ಲ ಶಪಿಸುತ್ತ ಅವನೊಬ್ಬನೇ ಅಲ್ಲಿ ಉಳಿದ. ಗುಡ್ಡದ ನೆತ್ತಿ ಈಗ ದ್ವೀಪ.

ಸುಕನ್ಯಾ ದಿಂಬಿಗೆ ಮುಖ ಒತ್ತಿ ನಕ್ಕಳು. ಕುಂಞಿರಾಮನಿಗೆ ಬತ್ತೇರಿ ಪೇಟೆಯಿಂದ ಹಲ್ವಾ ಕಟ್ಟಿಸಿಕೊಂಡು ಹೋಗಲೇ ಎಂದು ಕೇಳಿದಳು. ಮಲ್ಲಿಗಮ್ಮ ನಗಲಿಲ್ಲ.

ಸುಕನ್ಯಾ, ಗಂಡ ಗುರುಮೂರ್ತಿ, ಮಗಳು ಅಶ್ವತಿ ಪ್ರತಿ ರಜೆಯಲ್ಲೂ ಹಾಯಿದೋಣಿ ಹತ್ತುವವರು; ಈ ಸಲ ಅತ್ತೆಯ ಊರಿನ ಹಿನ್ನೀರಿಗೆ ಬಂದಿದ್ದರು. ಲಕ್ಷದ್ವೀಪದ ದ್ವೀಪಗಳ ನಡುವೆ ಬಿರುಗಾಳಿಯನ್ನೂ ಕಂಡವರು. ಒಮ್ಮೆ ಮರಳದಿಬ್ಬದಲ್ಲಿ ಕಪ್ಪೆಚಿಪ್ಪು ಆಯುತ್ತಿದ್ದ ಮಗಳನ್ನು ಮರೆತು ದೋಣಿ ನೂಕಿಬಿಟ್ಟಿದ್ದರು. ಅಂದಿನಿಂದ ಒಂದು ಪದ್ಧತಿ: ಹೆಸರು ಕೂಗಿ ಹಾಜರಿ ಹಾಕದೆ ದೋಣಿ ದಡ ಬಿಡುವಂತಿಲ್ಲ. ಚುಕ್ಕಾಣಿ ಸುಕನ್ಯಾಳದು, ಕೂಗುವುದೂ ಅವಳೇ.

ಮರುದಿನ ಗುಡ್ಡದ ಮೇಲೆ ಒಂದು ಹಕ್ಕಿಯೂ ಕೂಗಲಿಲ್ಲ. ನೆಲದಿಂದ ಸುಟ್ಟ ಕೂದಲಿನಂಥ ವಾಸನೆ ಏಳುತ್ತಿತ್ತು. ಬುತ್ತಿಯನ್ನು ಅರ್ಧಕ್ಕೇ ಕಟ್ಟಿದರು. ಸಂಜೆಯಾಗುವ ಮೊದಲೇ ನೀರಿನ ಮೇಲೆ ಮಂಜು ಹರಡಿತು. ಗುರುಮೂರ್ತಿ ದೋಣಿಯ ಮೂತಿಯಲ್ಲಿ ನಿಂತು ಬಿದಿರ ಗಳು ಊರಿದ. ನಡುವೆ ಹಾಯಿ; ಹಿಂದೆ ಚುಕ್ಕಾಣಿ ಹಿಡಿದ ಸುಕನ್ಯಾಳಿಗೆ ಅವನು, ಅವನಿಗೆ ಇವರು ಕಾಣುತ್ತಿರಲಿಲ್ಲ.

"ಇವತ್ತೊಂದಿನ ಹಾಜರಿ ಬೇಡ ಬಿಡು," ಎಂದ ಹಾಯಿಯ ಆಚೆಯಿಂದ.

"ನಿಮ್ಮತ್ತೆಯ ಮಡಿಲಲ್ಲೇ ಬೆಳೆದೋರಲ್ವಾ ನೀವು," ಎಂದು ಹಂಗಿಸಿ, ಸುಕನ್ಯಾ ಕೂಗಿದಳು. "ಅಶ್ವತಿ!"

"ಇದ್ದೀನಮ್ಮಾ."

ಕಾಲ ಬಳಿಯೇ ಕೂತಿದ್ದ ಮಗಳ ದನಿ. ದೋಣಿ ದಡ ಬಿಟ್ಟಿತು.

"ಇದ್ದೀನಮ್ಮಾ."

ಈ ಸಲ ದಡದಿಂದ.

ಪ್ರತಿಧ್ವನಿ ಎಂದ ಗುರುಮೂರ್ತಿ. ಸುಕನ್ಯಾ ತಿರುಗಿದಳು. ಮಂಜಿನಲ್ಲಿ ಹಳದಿ ಜಾಕೆಟ್ಟು. ಎರಡು ಜಡೆ. ಮಗಳು ಅಳುತ್ತ ಕೈಚಾಚಿದ್ದಳು. ಸುಕನ್ಯಾ ಕಾಲ ಬಳಿ ನೋಡಿದಳು. ಅಲ್ಲೂ ಹಳದಿ ಜಾಕೆಟ್ಟು. ಅಲ್ಲೂ ಎರಡು ಜಡೆ.

ಬಗ್ಗಿದಳು. ಕಾಲ ಬಳಿ ಇದ್ದವಳ ತಲೆಯಿಂದ ಸುಟ್ಟ ಕೂದಲಿನ ವಾಸನೆ ಹೊಡೆಯಿತು.

ಚುಕ್ಕಾಣಿ ತಿರುಗಿಸಿದಳು. ದೋಣಿ ಮತ್ತೆ ದಡಕ್ಕೆ ತಾಗಿತು.

"ಇಳಿ," ಎಂದಳು ಪಿಸುದನಿಯಲ್ಲಿ.

"ಅಮ್ಮಾ, ನಾನು..."

"ಇಳಿ!"

ಅವಳು ಬಿಕ್ಕುತ್ತ ಮೊಣಕಾಲುದ್ದ ನೀರಿಗೆ ಇಳಿದಳು. ದಡದಲ್ಲಿದ್ದವಳು ಹತ್ತಿದಳು. ಏನನ್ನು ಮರೆತೆ ಎಂದು ಗುರುಮೂರ್ತಿ ಕೇಳಿದ. ಸುಕನ್ಯಾ "ನೂಕಿ" ಎಂದಷ್ಟೇ ಹೇಳಿದಳು. ಹಿಂದಿನಿಂದ ಅಳು ಕೇಳಿಸಿತು. ಅದೂ ಪ್ರತಿಧ್ವನಿಯೇ ಎಂದ ಗುರುಮೂರ್ತಿ. ಸುಕನ್ಯಾ ತಿರುಗಿ ನೋಡಲಿಲ್ಲ.

ಈಚೆ ದಡದಲ್ಲಿ ಮಗುವಿನ ಜಾಕೆಟ್ಟು ಬಿಚ್ಚುವಾಗ ಸುಕನ್ಯಾಳ ಬೆರಳು ಅದರ ಕಿವಿಗೆ ತಾಗಿತು. ಓಲೆ ಇರಲಿಲ್ಲ. ತೂತೂ ಇರಲಿಲ್ಲ. ಅಶ್ವತಿಗೆ ಹುಟ್ಟಿದ ಹನ್ನೊಂದನೇ ದಿನವೇ ಚುಚ್ಚಿಸಿದ್ದ ಕಿವಿ. ಈಗ ನುಣುಪು. ಮೇಣದಂತೆ ನುಣುಪು.

ಸುಕನ್ಯಾ ತನ್ನ ಜಡೆಯನ್ನು ಮೂಗಿಗೆ ಹಿಡಿದಳು. ಸುಟ್ಟ ಕೂದಲಿನ ವಾಸನೆ. ತೋಳಿನಲ್ಲೂ ಅದೇ. ಆ ನೆಲದಲ್ಲಿ ಕೂತೆದ್ದ ಎಲ್ಲರಿಗೂ ಅದು ಹತ್ತಿತ್ತು. ದಡದಿಂದ ಹತ್ತಿ ಬಂದ ಇವಳಿಗೆ ಮಾತ್ರ ಯಾವ ವಾಸನೆಯೂ ಇರಲಿಲ್ಲ.

ಮಗು ಅವಳನ್ನೇ ನೋಡುತ್ತಿತ್ತು. ಅಳುತ್ತಿರಲಿಲ್ಲ.

ಗುರುಮೂರ್ತಿ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಸುಕನ್ಯಾ ದೋಣಿಯ ಕಡೆ ತಿರುಗಿದಳು. ಗಂಡನಿಗೆ ಹೇಳಿದರೆ ಅವನು ಗುಡ್ಡಕ್ಕೆ ಓಡುತ್ತಾನೆ. ಊರಿನವರು ಬರುತ್ತಾರೆ, ಪೊಲೀಸರು ಬರುತ್ತಾರೆ. ಎಲ್ಲರೂ ಟಾರ್ಚು ಹಿಡಿದು ಒಂದೇ ಹೆಸರು ಕೂಗುತ್ತಾರೆ. ಪ್ರತಿ ಕೂಗಿಗೂ ಒಬ್ಬೊಬ್ಬಳು ಎದ್ದುಬರುತ್ತಾಳೆ. ಅಷ್ಟು ಜನರ ನಡುವೆ ತನ್ನವಳು ಎಲ್ಲಿ?

"ಹಗ್ಗ ಸಡಿಲಾಗಿದೆ. ಕಟ್ಟಿ ಬರ್ತೀನಿ, ನೀವು ನಡೀರಿ," ಎಂದಳು.

ಅವರ ಹೆಜ್ಜೆ ಸಪ್ಪಳ ಅಡಗುವವರೆಗೆ ಕಾದಳು. ಇದನ್ನು ಗಂಡನಿಗೂ ಹೇಳುವುದಿಲ್ಲ, ಅತ್ತೆಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಹಗ್ಗ ಬಿಚ್ಚಿ, ಮಗಳ ಹೆಸರು ಬಾಯಿಗೆ ಬರದಂತೆ ತುಟಿ ಕಚ್ಚಿಕೊಂಡು, ದೋಣಿಯನ್ನು ಮಂಜಿನೊಳಗೆ ನೂಕಿದಳು.