ವಿಲ್ಫ್‌ನ ಕದಡಿದ ಬಿಯರ್

"ಇದು ಬಿಯರಾ, ಪಾತ್ರೆ ತೊಳೆದ ನೀರಾ?"

ಹೆಸ್ಟರ್ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಮೂಲಕ ಆಚೆಗಿದ್ದ ಚರ್ಚಿನ ಗೋಪುರ ಕಾಣಿಸಲೇ ಇಲ್ಲ. ಯಾರ್ಕ್‌ಷೈರಿನ ಆ ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಮನೆ ಬಿಯರಿನ ಸ್ಪರ್ಧೆಗೆ ಈ ಸಲ ಅವಳೇ ತೀರ್ಪುಗಾರ್ತಿ. ಅವಳ ಮೂಗು ಹುಟ್ಟಿದಾಗಿನಿಂದಲೂ ಮೇಲೇ ಇತ್ತು. ಈಗ ಅದಕ್ಕೊಂದು ಹುದ್ದೆಯೂ ಸಿಕ್ಕಿತ್ತು.

ಎದುರಿಗೆ ನಿಂತಿದ್ದ ವಿಲ್ಫ್ ಟೋಪಿಯನ್ನು ಕೈಯಲ್ಲಿ ಹಿಚುಕಿದ. "ಸ್ವಲ್ಪ ಕದಡಿದೆ. ರುಚಿ ನೋಡಿ."

"ಸ್ವಲ್ಪವಾ? ಕಪ್ಪೆ ಬಿಟ್ರೆ ಸಂಸಾರ ಹೂಡುತ್ತೆ."

ಸುತ್ತಲಿದ್ದವರು ನಕ್ಕರು. ಅವಳು ಒಂದು ಗುಟುಕೂ ಕುಡಿಯದೆ ಬಕೆಟ್ಟಿಗೆ ಸುರಿದಳು.

ವಿಲ್ಫ್‌ನ ಮುಖ ಬಿಳಿಚಿತು. ಉಳಿದ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬಿಕೊಂಡ.

"ಇನ್ನು ಮೇಲೆ ಬಿಯರೂ ಮಾಡಲ್ಲ, ಇಲ್ಲಿಗೂ ಬರಲ್ಲ" ಎಂದು ಹೊರಟೇಬಿಟ್ಟ.

ಹೋಗಲಿ... ಇಷ್ಟು ಮಾತಿಗೇ ಮುನಿಸಿಕೊಳ್ಳುವ ಗಂಡಸು ಯಾರಿಗೆ ಬೇಕು?

ಹಾಗಂದುಕೊಂಡಳು, ಮಹಾರಾಣಿ. ಬೆಳಗ್ಗೆಯಿಂದ ಬಾಗಿಲು ಸದ್ದಾದಾಗಲೆಲ್ಲ ಅವನೇ ಬಂದನಾ ಎಂದು ಕತ್ತು ತಿರುಗಿಸಿದ್ದೂ ಇವಳೇ! ಊರಿನ ಗಂಡಸರಲ್ಲೆಲ್ಲ ಅವಳಿಗೆ ಬೇಕಾಗಿದ್ದವನು ಅವನೊಬ್ಬನೇ. ಹೇಳಲು ಜಂಭ ಬಿಡುತ್ತಿರಲಿಲ್ಲ.

ಚಹಾ ಹಂಚುತ್ತಿದ್ದ ವಿಲ್ಫ್‌ನ ಚಿಕ್ಕಮ್ಮ ಎಡ್ನಾ ಕೆಟಲನ್ನು ಮೇಜಿನ ಮೇಲೆ ಕುಕ್ಕಿದಳು. "ಸಮಾಧಾನ ಆಯ್ತಾ ತಾಯಿ? ಅವನು ಯಾಕೆ ಕದಡಿದ್ದು ತಂದ ಅಂತ ಕೇಳಿದ್ಯಾ?"

"ಮಾಡೋಕೆ ಬರಲ್ಲ, ಅದಕ್ಕೆ."

"ಹೋದ ವರ್ಷ ಕನ್ನಡಿ ಥರ ಇತ್ತಲ್ಲ? ಬಹುಮಾನ ಬಂದ ಖುಷಿಗೆ ಮೊದಲ ಲೋಟ ನಿನಗೇ ತಂದ. ನೀನೇನಂದೆ?"

ಹೆಸ್ಟರ್‌ಗೆ ನೆನಪಾಯಿತು. ಮೀನು, ಮಾಂಸ ಮುಟ್ಟದ ಅವಳು ಅಂದು ಮೂಗು ಮುಚ್ಚಿಕೊಂಡು, "ತಿಳಿಯಾಗ್ಲಿ ಅಂತ ಮೀನಿನ ಗಾಳಿಚೀಲದ ಅಂಟು ಹಾಕಿದ್ದೀರಲ್ಲ, ಇದನ್ನ ನಾನು ಕುಡಿಬೇಕಾ? ಥೂ" ಎಂದಿದ್ದಳು.

"ಈ ಸಲ ಆ ಅಂಟಿನ ಡಬ್ಬಿ ಮುಚ್ಚಳಾನೇ ತೆಗೀಲಿಲ್ಲ ಕಣೇ ಅವನು. ನೀನು ಒಂದು ಗುಟುಕು ಕುಡಿಲಿ ಅಂತ. ನೀನು ಬಕೆಟ್ಟಿಗೆ ಕುಡಿಸಿದೆ."

ಹೆಸ್ಟರ್ ಹೊರಗೋಡಿದಳು.

ವಿಲ್ಫ್ ಸ್ಪರ್ಧೆಯ ಕಟ್ಟಡದ ಹಿಂದೆ ಒಂದೊಂದೇ ಬಾಟಲಿಯನ್ನು ಚರಂಡಿಗೆ ಬಗ್ಗಿಸುತ್ತಿದ್ದ. ಕೈಯಲ್ಲಿದ್ದದ್ದು ಕೊನೆಯದು.

"ಅದನ್ನ ನನಗೆ ಕೊಡು."

"ಯಾಕೆ, ಜನರೆದುರು ಚೆಲ್ಲೋಕಾ?"

ಅವಳು ಕಿತ್ತುಕೊಂಡು ಬಾಟಲಿಗೇ ಬಾಯಿಟ್ಟಳು. ತಳದ ಗಷ್ಟನ್ನೂ ಬಿಡದೆ ಕುಡಿದಳು.

"ಹೇಗಿದೆ?"

"ಚೆನ್ನಾಗಿಲ್ಲ. ಯೀಸ್ಟು ನಾಲಿಗೆಗೆ ಅಂಟ್ಕೊಳ್ತು." ಅವಳ ಕಣ್ಣು ತುಂಬಿತ್ತು. "ನಾನು ಕೊಬ್ಬಿದವಳು ವಿಲ್ಫ್. ಕ್ಷಮಿಸು."

"ಅದು ಊರಿಗೇ ಗೊತ್ತು."

"ಗೊತ್ತಿದ್ದೂ ನನಗೋಸ್ಕರ...?"

"ಗೊತ್ತಿದ್ದೂ ನೀನೇ ಬೇಕು ಅನ್ಸುತ್ತೆ. ಏನ್ಮಾಡ್ಲಿ?"

ಅವಳು ಮೊದಲ ಬಾರಿಗೆ ಕಣ್ಣು ಕೆಳಗೆ ಹಾಕಿದಳು.

"ಮೀನು ಬೇಡ, ಏನೂ ಬೇಡ. ನಮ್ಮನೆ ನೆಲಮಾಳಿಗೆ ತುಂಬಾ ತಣ್ಣಗಿದೆ. ಮುಂದಿನ ಸಲ ಮಾಡಿದ್ದನ್ನ ಅಲ್ಲಿ ತಂದಿಡು. ಅಲುಗಾಡಿಸದೆ ಬಿಟ್ರೆ ತಾನೇ ತಿಳಿಯಾಗುತ್ತೆ."

"ಎಷ್ಟು ದಿನ ಬೇಕು?"

"ಬೇರೆಯವರದಾದ್ರೆ ಮೂರು ವಾರ."

"ನನ್ನದು?"

"ನಿನ್ನದಕ್ಕೆ ಅವಸರ ಇಲ್ಲ," ಹೆಸ್ಟರ್ ಅವನ ಒದ್ದೆ ಕೈ ಹಿಡಿದಳು, "ದಿನಾ ಬಂದು ನೋಡ್ತಿರು."