ಹರಿದ ತುಟಿಗೊಂದು ಕಹಳೆ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಹೊಂಬೆಟ್ಟವೆಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರ ನನ್ನಿದೇವನದು ಹುಟ್ಟಿನಿಂದಲೂ ಬಡ ಉಸಿರು. ಸ್ವಲ್ಪ ಓಡಿದರೂ ಎದೆ ಗೊರಗೊರ ಅನ್ನುತ್ತಿತ್ತು. ಆದರೆ ಪಟ್ಟಕ್ಕೆ ಬರುವವನು ಕಹಳೆ ಊದಲೇಬೇಕೆಂಬುದು ಆ ಮನೆತನದ ಕಟ್ಟಳೆ. ಅವನ ಉಸಿರಿಗೆ ಹೊಂದುವ ಕಹಳೆ ಮಾಡಿಕೊಡಲು ಬಾಚವ್ವೆ ಎಂಬ ಕಂಚುಗಾರ್ತಿ ಅವನನ್ನು ಬೆಟ್ಟದ ಮೇಲಿನ ಕುಲುಮೆಗೆ ಕರೆಸಿಕೊಂಡಿದ್ದಳು.

ಅಂದೇ ಧೂಮಕಂಠನೆಂಬ ಮಾಂತ್ರಿಕ ಊರ ಮೇಲೆ ಹೊಗೆ ಬಿಟ್ಟ. ಹೊಗೆ ಕುಡಿದವರೆಲ್ಲ ನಿಂತಲ್ಲೇ ಕಲ್ಲಾದರು. ರಾಜ ಕಲ್ಲಾದ. ನೀರು ಸೇದುತ್ತಿದ್ದ ಬಾಚವ್ವೆಯ ಮಗಳು ಹಗ್ಗ ಹಿಡಿದಂತೆಯೇ ಕಲ್ಲಾದಳು. ಹೊಗೆ ಕಲ್ಲಾದವರೊಳಗೆ ಇಂಗಿದ ಮೇಲೆ ಬಾಚವ್ವೆ ಕುಲುಮೆಯಿಂದ ಇಳಿದು ಬಂದು ಮಗಳ ಕೆನ್ನೆ ಸವರಿದಳು. ತಣ್ಣಗಿತ್ತು.

ಬೆಟ್ಟ ಹೇಳಿತು: "ಹೊಗೆ ಬಿಟ್ಟವನೇ ಅದನ್ನು ಹಿಂದಕ್ಕೆ ಕರೆಯಬೇಕು. ಅವನ ಗವಿಗೆ ಮಾಯದ ಆನೆ ಕಾವಲು, ಗಾಜಿನ ಗೋಡೆ ಕಾವಲು. ಎರಡೂ ಕತ್ತಿಗೆ ಬಗ್ಗವು, ನಾದಕ್ಕೆ ಬಗ್ಗುತ್ತವೆ."

"ನನ್ನಲ್ಲಿ ಉಸಿರೆಲ್ಲಿದೆ, ಅವ್ವಾ?" ಎಂದ ನನ್ನಿದೇವ.

"ಇರುವಷ್ಟು ಸಾಕು, ದೊರೆ. ಅದಕ್ಕೆ ತಕ್ಕ ಕೊಳವೆ ಮಾಡೋದು ನನ್ನ ಪಾಡು."

ಬೆಂಕಿಗೆ ಗಾಳಿಯೂದುವ ತಿದಿ, ಕಂಚು, ಮೇಣ ಹೊತ್ತು ಇಬ್ಬರೂ ಹೊರಟರು. ಆನೆ ಅಡ್ಡ ನಿಂತಿತು. ಬಾಚವ್ವೆ ಉದ್ದನೆಯ ಬಾಗಿದ ಕಹಳೆ ಮಾಡಿದಳು. "ಕೊಳವೆ ಉದ್ದವಾದಷ್ಟೂ ದನಿ ಕೆಳಗಿಳಿಯುತ್ತೆ. ಮೆಲ್ಲಗೆ ಊದಿ." ತಾಯಾನೆ ಮರಿಯನ್ನು ಕರೆದಂಥ ದನಿ ಹೊರಟಿತು. ಆನೆ ಮಂಡಿಯೂರಿ ಕಣ್ಣು ಮುಚ್ಚಿತು.

ಗಾಜಿನ ಗೋಡೆಗೆ ಗಿಡ್ಡನೆಯ, ತೆಳು ತಗಡಿನ ಕಹಳೆಯಾಯಿತು. ಊದಿದರೆ ಗೋಡೆ ನಡುಗಿತಷ್ಟೆ. ಬಾಚವ್ವೆ ಕೊಳವೆಯನ್ನು ಇನ್ನಷ್ಟು ಕತ್ತರಿಸಿದಳು. ಈ ಸಲ ದನಿ ಸೂಜಿಯಂತೆ ನುಗ್ಗಿತು, ಗೋಡೆ ಪುಡಿಪುಡಿಯಾಯಿತು. ನನ್ನಿದೇವ ಕೆಮ್ಮುತ್ತಾ ಕುಸಿದು ಕೂತ. ಬಾಚವ್ವೆ ಅವನ ಬೆನ್ನು ನೀವಿದಳು.

ಗವಿಯೊಳಗೆ ಧೂಮಕಂಠ ಬಾಯಿಗೆ ಬಟ್ಟೆ ಕಟ್ಟಿ ಕೂತಿದ್ದ. ಅವನ ಸುತ್ತ ಮುರಿದ ಕಹಳೆಗಳ ರಾಶಿ. ನನ್ನಿದೇವ ಕತ್ತಿ ಹಿರಿದ. ಬಾಚವ್ವೆ ಅವನ ಕೈ ತಡೆದಳು.

"ಇವೆಲ್ಲ ಯಾರವಪ್ಪಾ?"

ಮಾಂತ್ರಿಕ ಬಟ್ಟೆ ಸರಿಸಿದ. ಮೇಲ್ದುಟಿ ಸೀಳಿತ್ತು. "ನನ್ನವೇ. ಚಿಕ್ಕಂದಿನಲ್ಲಿ ಕರಡಿ ಹರಿದುಹಾಕಿತು. ಯಾವ ಕಹಳೆಯೂ ಈ ತುಟಿಗೆ ಕೂರಲಿಲ್ಲ. ಊದಿದಾಗಲೆಲ್ಲ ಊರು ನಕ್ಕಿತು. ಈಗ ಯಾರೂ ನಗುವುದಿಲ್ಲ."

ಬಾಚವ್ವೆ ತಿದಿಯನ್ನು ಕೆಳಗಿಳಿಸಿದಳು. "ನನ್ನ ಮಗಳನ್ನ ಕಲ್ಲು ಮಾಡಿದೀಯ. ನಿನ್ನ ಮುಖ ನೋಡೋಕೂ ಮನಸ್ಸಿಲ್ಲ. ಆದರೂ ಬಾ, ತುಟಿ ತೋರಿಸು."

ಕಂಚು ಮುಗಿದಿತ್ತು. ನನ್ನಿದೇವ ತನ್ನ ಎರಡು ಕಹಳೆಗಳನ್ನೂ ಮುಂದಿಟ್ಟ. "ಇವನ್ನು ಕರಗಿಸಿ. ಆನೆ ಎದ್ದರೆ ನಮಗೆ ದಾರಿಯಿಲ್ಲ. ಆದರೂ ಕರಗಿಸಿ."

ಬಾಚವ್ವೆ ಮೇಣವನ್ನು ಆ ತುಟಿಗೊತ್ತಿ ಅಚ್ಚು ತೆಗೆದಳು. ತುಟಿಗಿಡುವ ಬಟ್ಟಲನ್ನು ಒಂದು ಮಗ್ಗುಲಿಗೆ ಎತ್ತರಿಸಿ, ಸೀಳಿರುವ ಕಡೆ ಗಾಳಿ ಸೋರದಂತೆ ಅಂಚು ಮಡಿಸಿದಳು.

"ನಗಬೇಡಿ," ಎಂದ ಧೂಮಕಂಠ.

ಊದಿದ. ಗವಿ ತುಂಬಾ ನಾದ ತುಂಬಿತು. ಊದುತ್ತಲೇ ಅವನು ಅತ್ತ, ಅಳುತ್ತಲೇ ಹೊಗೆಯನ್ನು ಹಿಂದಕ್ಕೆ ಕರೆದ. ಊರ ಹೊಗೆಯೆಲ್ಲ ಗವಿಗೆ ಮರಳಿ ಬೂದಿಯಾಗಿ ಉದುರಿತು. ಆನೆಯ ಮಾಯವೂ ಕಳಚಿತು. ಅದು ಮೂವರನ್ನೂ ಬೆನ್ನ ಮೇಲೆ ಹೊತ್ತು ಊರಿಗೆ ತಂದಿತು.

ಬಾವಿಕಟ್ಟೆಯ ಬಳಿ ಮಗಳು ಕೊಡ ಇಳಿಸಿ ಕೇಳಿದಳು, "ಯಾಕವ್ವಾ, ಹೀಗೆ ತಬ್ಬಿಕೊಳ್ತೀಯ?"

ಧೂಮಕಂಠ ಮನೆಮನೆಗೆ ಹೋಗಿ ಕ್ಷಮೆ ಕೇಳಿದ. ಕೆಲವರು ತಡವಾಗಿ ಕೊಟ್ಟರು, ಆದರೆ ಕೊಟ್ಟರು. ನನ್ನಿದೇವ ತನ್ನ ಉಸಿರಿಗೊಪ್ಪುವಂತೆ ಬಾಚವ್ವೆ ಹೊಸದಾಗಿ ಮಾಡಿಕೊಟ್ಟ ಪುಟ್ಟ ಕಹಳೆ ಊದಿ, ಮರಳಿ ಜೀವ ಪಡೆದ ತಂದೆಯ ಎದುರಲ್ಲೇ ಪಟ್ಟವೇರಿದ. ಆ ರಾಜ್ಯದ ಜನ ನಗುನಗುತ್ತಾ ಬಾಳಿದರು. ಕೇಳಿದ ನಮ್ಮ ಉಸಿರೂ ಹಗುರಾಗಲಿ.