ಹೂ ಬಿದ್ದದ್ದನ್ನು ಕಂಡವರು

"ಶೀ ವಾಸ್ ಸೀನ್ ಟು ಕ್ರೈ..." ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದ ನಾಗಶ್ರೀಯ ಕೈ ನಿಂತುಬಿಟ್ಟಿತು.

ಬಾಗಿಲಲ್ಲಿ ಗುರುಪ್ರಕಾಶ್!

ಕೊಳ್ಳೇಗಾಲದ ಈ ಕಾಲೇಜಿಗೆ ಹೊಸ ಲೆಕ್ಚರರ್ ಬರುತ್ತಾರೆಂದು ಗೊತ್ತಿತ್ತು. ಅದು ಇವನೇ ಎಂದು ಯಾರೂ ಹೇಳಿರಲಿಲ್ಲ. ಆದರೂ ಅವಳು ಪಾಠ ಬಿಡಲಿಲ್ಲ.

"'ಐ ಸಾ ಹರ್ ಕ್ರೈ' ಅನ್ನೋದನ್ನ ಪ್ಯಾಸಿವ್ ಮಾಡಿದ್ರೆ ಮಧ್ಯ ಒಂದು 'ಟು' ಬರುತ್ತೆ. 'ಲೆಟ್' ಇದ್ರೆ 'ವಾಸ್ ಅಲೌಡ್ ಟು' ಅನ್ನಿ. ನೋಡಿದೋರು ಯಾರು, ಅನುಮತಿ ಕೊಟ್ಟೋರು ಯಾರು ಅಂತ ಹೇಳದಿದ್ರೂ ವಾಕ್ಯ ಸರಿನೇ."

ವಾಕ್ಯವೇನೋ ಸರಿ... ಬಾಳು?

ಎರಡು ವರ್ಷದ ಹಿಂದೆ ಇಬ್ಬರ ಮದುವೆಗೆ ಬಂಡಳ್ಳಿಯಲ್ಲಿ ಅವನ ಮನೆದೇವರ ಹೂ ಕೇಳಿದ್ದರು. ದೇವರ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಅಪ್ಪಣೆ ಆಗಲಿಲ್ಲವೆಂದು ಅವನ ಅಪ್ಪ ಕೆಂಪನಂಜಪ್ಪ ಸಂಬಂಧ ಮುರಿದರು. ಕೆಲಸಕ್ಕೆ ಹೋಗುವ ಸೊಸೆ ಅವರಿಗೆ ಮೊದಲಿನಿಂದಲೂ ಬೇಕಿರಲಿಲ್ಲ. ಇವನೋ, ತುಟಿಪಿಟಕ್ಕೆನ್ನದೆ ಅಪ್ಪನ ಹಿಂದೆ ನಡೆದುಬಿಟ್ಟಿದ್ದ! ಈಗ ನಾಳೆ ಯಳಂದೂರಿನ ಶಾಂತಮೂರ್ತಿಯ ಜೊತೆ ಅವಳ ನಿಶ್ಚಿತಾರ್ಥ.

ಬೆಲ್ಲಾಯಿತು. ಹುಡುಗರೆಲ್ಲ ಹೋದ ಮೇಲೆ ಅವನು ಒಳಗೆ ಬಂದ.

"ಚೆನ್ನಾಗಿದ್ದೀರಾ, ನಾಗಶ್ರೀ?"

"ಸುಳ್ಳಿಗೆ ಸೈ ಅಂದೋರು ನೀವು ಚೆನ್ನಾಗಿದ್ರೆ ಸಾಕು ಬುಡಿ."

"ಯಾವ ಸುಳ್ಳು? ಊವು ಎಡಕ್ಕೆ ಬಿತ್ತಲ್ಲ..."

"ಬಲಕ್ಕೆ ಬಿದ್ದದ್ದು ಕಣ್ರಿ! ಎಂಗಸ್ರ ಜೊತೆ ನಿಂತ್ಕಂಡು ಕಣ್ಣಾರೆ ನೋಡಿವ್ನಿ. ಪೂಜಾರಪ್ಪ ನಿಮ್ಮಪ್ಪನ ಮುಖ ನೋಡಿ ಸುಮ್ಕಾದ್ರು. ನಾನು ಬಾಯ್ ತೆಗುದ್ರೆ ನಮ್ಮವ್ವ ಕೈ ಅದುಮ್ಬುಡ್ತು. ದೇವ್ರ ಎದ್ರುಗೇ ನಿಂತಿದ್ದೋರು ನೀವು... ಯಾಕ್ರಿ ಮಾತಾಡ್ನಿಲ್ಲ?"

ಅವನು ಕೈಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟ.

"ನಾನು ನೋಡ್ನೇ ಇಲ್ಲ... ಕಣ್ಮುಚ್ಕಂಡು ಬೇಡ್ಕತಿದ್ದೆ, ನೀವೇ ಸಿಕ್ಲಿ ಅಂತ. ಕಣ್ಬುಡೋ ಒತ್ಗೆ ಅಪ್ಪ ಊವ ಕೈಗೆ ತಕಂಡಿದ್ರು. ಎಡಕ್ಕೆ ಬಿತ್ತು ಅಂದ್ರು. ನಂಬ್ಬುಟ್ಟೆ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಥೂ... ಇಷ್ಟಕ್ಕೇನಾ ನಾನು ಕಣ್ಣೀರಲ್ಲಿ ಕೈ ತೊಳೆದದ್ದು!

"ನನ್ನ ಒಂದ್ಮಾತು ಕೇಳ್ಬೋದಿತ್ತು."

"ಕೇಳ್ಬೇಕಿತ್ತು. ತಪ್ಪಾಯ್ತು... ಈಗ ಬೇಕಾದ್ರೆ ಇನ್ನೊಂದ್ಸಲ ಊವು ಕೇಳ್ಸನಾ?"

"ದೇವ್ರು ಆಗ್ಲೇ ಏಳ್ಬುಟ್ಟದೆ. ಈಗ ನನ್ನ ಕೇಳಿ!"

ಅವನು ಒಂದು ಹೆಜ್ಜೆ ಹತ್ತಿರ ಬಂದ. "ನನ್ನ... ಮದ್ವೆ ಆಯ್ತೀರಾ?"

ಅವಳ ಸಿಟ್ಟು ಇಳಿದಿರಲಿಲ್ಲ. ಪ್ರೀತಿಯೂ ಇಳಿದಿರಲಿಲ್ಲ, ಹಾಳಾದ್ದು!

"ಆಯ್ತೀನಿ. ನಾಳಿನ ಶಾಸ್ತ್ರ ಬ್ಯಾಡ ಅಂತ ಮನೇಲಿ ನಾನೇ ಏಳ್ತೀನಿ... ಆದ್ರೆ ಆ ಎರಡು ವರ್ಷನ ಮಾತ್ರ ನಾನು ಕ್ಷಮಿಸಾಕಿಲ್ಲ."

"ಕ್ಷಮಿಸ್ಬ್ಯಾಡಿ," ಎಂದು ಅವನು ಮೆಲ್ಲಗೆ ಅವಳ ಕೈ ಹಿಡಿದ. "ಜೊತೇಲಿದ್ಕಂಡು ಬಯ್ತಾ ಇರಿ."